ಕಾಳು ಹಾಕದವಳ ಕೋಣೆ

ಬಿಷ್ಕೆಕ್
3 ಮಾರ್ಚ್ 2014

ಪ್ರೀತಿಯ ಅಕ್ಕಾ, ಬುರುಲ್ ಎಜೆ,

ಸಾತಾರ್ ನಾಳೆ ನಿಮ್ಮ ಬೆಟ್ಟಕ್ಕೆ ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೊರಡುತ್ತಾನಂತೆ. ಹಿಟ್ಟು, ಸೀಮೆಎಣ್ಣೆ, ಬ್ಯಾಟರಿಗಳ ನಡುವೆ ಈ ಕಾಗದಕ್ಕೂ ಜಾಗ ಮಾಡಿಕೋ ಎಂದು ಹೇಳಿಟ್ಟಿದ್ದೇನೆ. ಹೋದ ಸಲದ ಒಣ ಏಪ್ರಿಕಾಟ್ ನಿನ್ನ ಜೊತೆಗಾರ ಕಾದಿರ್ ಬಾಯ್ಕೆಯ ಹಲ್ಲಿಗೆ ಗಟ್ಟಿಯಾಯಿತು ಎಂದು ಬರೆದಿದ್ದೆಯಲ್ಲ, ಈ ಸಲ ಒಣದ್ರಾಕ್ಷಿ ಇಟ್ಟಿದ್ದೇನೆ. ಅವರಿಗೇ ಕೊಡು, ನೀನು ಮುಗಿಸಬೇಡ.

ಈಗ ಸುದ್ದಿ. ನಾನು ಸ್ವಂತ ಕೆಲಸ ಶುರು ಮಾಡಿದ್ದೇನೆ. ಹೋದ ವರ್ಷ ಅಲ್ಮಾಟಿಗೆ ಓಡಾಡಿ ಕಲಿತೆನಲ್ಲ, ಅದೇ. ಲೈಫ್ ಕೋಚ್. ಕುಸ್ತಿ ಹುಡುಗರಿಗೆ ಒಬ್ಬ ಕೋಚ್ ಇರುತ್ತಾನಲ್ಲ, ಹಾಗೆ ಬದುಕಿಗೊಬ್ಬ ಕೋಚ್ ಎಂದುಕೋ. ನಾನು ಬುದ್ಧಿ ಹೇಳುವುದಿಲ್ಲ, ಔಷಧಿ ಕೊಡುವುದಿಲ್ಲ. ಎದುರಿಗೆ ಕೂತವರಿಗೆ ಏನು ಬೇಕಾಗಿದೆ, ಅದರ ಕಡೆ ಕಾಲಿಡಲು ಏನು ಅಡ್ಡ ಬರುತ್ತಿದೆ ಎಂದು ಕೇಳುತ್ತೇನೆ. ಕೇಳುತ್ತಾ ಹೋದರೆ ದಾರಿ ಅವರಿಗೇ ಕಾಣುತ್ತದೆ.

ಔಷಧಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಕಿಟಕಿಯಿಂದ ಟ್ರಾಲಿಬಸ್ಸಿನ ತಂತಿ, ಅದರಾಚೆ ಒಂದು ಪಾಪ್ಲರ್ ಮರ. ಹಸಿರು ಬಟ್ಟೆಯ ಎರಡು ಕುರ್ಚಿ, ನಡುವೆ ದುಂಡು ಮೇಜು. ಪರದೆಗೆ ಒಂದು ವಾರ ಹುಡುಕಿದೆ, ಕೊನೆಗೆ ತೆಳು ಹಳದಿ ಸಿಕ್ಕಿತು. ಬಾಗಿಲಿಗೆ ನನ್ನ ಹೆಸರಿನ ಹಲಗೆಯನ್ನೂ ಬರೆಸಿದ್ದೇನೆ. ಜನ ಬರುತ್ತಿದ್ದಾರೆ. ಪರವಾಗಿಲ್ಲ, ಚೆನ್ನಾಗಿಯೇ ನಡೆಯುತ್ತಿದೆ.

ಒಂದು ಉಪಕಾರ ಮಾಡು. ಕೈ ಪಳಗಲಿ ಎಂದು ನಿನಗೂ ಒಂದು ಪ್ರಶ್ನೆ ಕಳಿಸುತ್ತೇನೆ, ಉತ್ತರ ಬರೆ. ನಿನ್ನ ದಿನ ಈಗಿರುವ ಹಾಗಲ್ಲದೆ ಬೇರೆ ರೀತಿ ಇರಬಹುದಾದರೆ, ಹೇಗಿರಬೇಕೆಂದು ಆಸೆ?

ನಿನ್ನ ತಂಗಿ,
ಜಿಪಾರ್


ಕಾರಾ-ಜಿಲ್ಗಾ ಹವಾಮಾನ ಕೇಂದ್ರ
29 ಮಾರ್ಚ್ 2014

ಜಿಪಾರ್,

ಒಣದ್ರಾಕ್ಷಿ ತಲುಪಿತು, ಕಾಗದವೂ. ಇಲ್ಲಿ ಇನ್ನೂ ಕಿಟಕಿಯ ಅರ್ಧಕ್ಕೆ ಹಿಮ. ಹಗಲು ಕರಗುತ್ತದೆ, ಸಂಜೆಗೆ ಮತ್ತೆ ಗಾಜಾಗುತ್ತದೆ. ಕಾದಿರ್ ಬಾಯ್ಕೆಗೆ ನಿನ್ನ ಹೊಸ ಕೆಲಸದ ಬಗ್ಗೆ ಓದಿ ಹೇಳಿದೆ. ಅವರು, “ಅಲ್ಲಮ್ಮಾ, ಕುಸ್ತಿ ಕೋಚ್ ಆದ್ರೆ ಯಾರನ್ನ ಕೆಡವಬೇಕು ಅಂತಾದ್ರೂ ಹೇಳ್ತಾನೆ. ಇವಳು ಯಾರನ್ನ ಕೆಡವೋಕೆ ಹೇಳ್ತಾಳೆ?” ಎಂದರು. ಇದಕ್ಕೆ ಉತ್ತರ ನೀನೇ ಬರೆ.

ನನಗೆ ತಿಳಿಯಬೇಕಾದದ್ದು ಇನ್ನೂ ಬಹಳ ಇದೆ. ಮೊದಲು ಬಂದವರು ಗಂಡಸೋ ಹೆಂಗಸೋ? ಕೂತ ಮೇಲೆ ಮೊದಲು ಏನಂದರು? ಅಳುತ್ತಾರಾ? ಅತ್ತರೆ ನೀನೇನು ಮಾಡುತ್ತೀಯಾ? ನೀನು ಕುರ್ಚಿಯ ಬಣ್ಣ ಬರೆದೆ, ಪರದೆಗೆ ಒಂದು ವಾರ ಅಲೆದದ್ದು ಬರೆದೆ. “ಜನ ಬರುತ್ತಿದ್ದಾರೆ” ಎನ್ನುವುದಕ್ಕೆ ಮಾತ್ರ ಒಂದೇ ಸಾಲು. ಕುರ್ಚಿ ನನ್ನ ಕಣ್ಣಿಗೆ ಕಟ್ಟಿದೆ, ಅದರಲ್ಲಿ ಕೂತವರು ಯಾರೂ ಕಾಣಿಸುತ್ತಿಲ್ಲ. ಚಿಕ್ಕವಳಿದ್ದಾಗ ನೀನು ಶಾಲೆಯಿಂದ ಬಂದು ಬೀದಿಯಲ್ಲಿ ಕಂಡ ಒಬ್ಬೊಬ್ಬರ ಮೂಗನ್ನೂ ಅಣಕಿಸಿ ತೋರಿಸುತ್ತಿದ್ದೆ.

ಹೋದ ವಾರ ಇಲಾಖೆಯಿಂದ ಮೂವರು ಬಂದಿದ್ದರು. ಅಂಗಳದಲ್ಲಿ ಒಂದು ಕಂಬ ನೆಟ್ಟು, ಅದಕ್ಕೊಂದು ಪೆಟ್ಟಿಗೆ ಕಟ್ಟಿ, ನನ್ನ ಬೆಣ್ಣೆಯನ್ನೆಲ್ಲ ತಿಂದು ಮುಗಿಸಿ ಹೋದರು. ಅದು ಬಿಟ್ಟರೆ ವಿಶೇಷವೇನಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ನನಗೆ ಈಗಿರುವ ದಿನವೇ ಚೆನ್ನಾಗಿದೆ. ಮುಂದಿನ ಗಿರಾಕಿಯನ್ನು ಕರೆ.

ಬುರುಲ್


ಬಿಷ್ಕೆಕ್
21 ಏಪ್ರಿಲ್ 2014

ಎಜೆ,

ಕುರ್ಚಿಯಲ್ಲಿ ಯಾರೂ ಕೂತಿಲ್ಲ. ಅದಕ್ಕೇ ನಿನಗೆ ಕಾಣಿಸಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫೆಬ್ರವರಿಯಲ್ಲಿ ಗಣಿ ಕಂಪನಿಯ ಆಫೀಸಿನ ಕೆಲಸ ಬಿಟ್ಟೆ. ನನ್ನ ಗಂಡ ಮಿರ್ಲಾನ್‌ಗೆ ಹೇಳಿದ್ದೆ. ಅವನು ಲಾರಿ ಹತ್ತುತ್ತಾ, “ಮಾಡು, ಆದ್ರೆ ಅಮ್ಮಂಗೆ ನೀನೇ ಹೇಳು, ನಾನಂತೂ ಹೇಳಲ್ಲ” ಎಂದು ಕಜಾಕ್ ಗಡಿಯ ಕಡೆ ಹೊರಟುಹೋದ. ನನ್ನ ಅತ್ತೆ ಕಾಲಿಚಾ ಅಪಾಗೆ ನಾನು ಇನ್ನೂ ಹೇಳಿಲ್ಲ. ಅವರು ದಿನಾ ಬೆಳಿಗ್ಗೆ ಡಬ್ಬಿಗೆ ಊಟ ತುಂಬಿಸಿ ಕೊಡುತ್ತಾರೆ. ನಾನು ಆಫೀಸಿನ ಬಟ್ಟೆ ಹಾಕಿಕೊಂಡು, ಆಫೀಸಿನ ಕಡೆ ಹೋಗುವ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು ಈ ಕೋಣೆಗೆ ಬಂದು ಕೂರುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚುತ್ತೇನೆ. ಸಂಜೆ ಮನೆಗೆ ಹೋಗುತ್ತೇನೆ. ಹೆಸರಿನ ಹಲಗೆ ಗೋಡೆಗೆ ಮುಖ ಮಾಡಿ ನಿಂತಿದೆ. ಮೊಳೆ, ಸುತ್ತಿಗೆ ಎರಡೂ ಇವೆ.

ಜನ ಗೊತ್ತುಮಾಡಿಕೊಳ್ಳಲಿ ಎಂದು ಏಪ್ರಿಲ್ ಮೊದಲ ವಾರ, ಒಂದು ಬುಧವಾರ ಬೆಳಿಗ್ಗೆ, ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಉಚಿತ ಮಾತುಕತೆ ಇಟ್ಟುಕೊಂಡಿದ್ದೆ. ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಮೂರು ಸಾಲು ತುಂಬಿತು. ಎದ್ದು ನಿಂತೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎದೆ ಬಡಿಯುವ ಸದ್ದು ಕಿವಿಯೊಳಗೇ ಕೇಳಿಸಿತು. “ನೀರು ಕುಡಿದು ಬರ್ತೀನಿ” ಎಂದೆ. ಹಿಂದಿನ ಬಾಗಿಲಿನಿಂದ ಹೊರಗೆ ಹೋದವಳು ಬಸ್ ನಿಲ್ದಾಣದವರೆಗೂ ನಿಲ್ಲಲಿಲ್ಲ. ನನ್ನ ಕೋಟು ಗ್ರಂಥಾಲಯದಲ್ಲೇ ಇದೆ. ತರಲು ಹೋಗಿಲ್ಲ.

ಯಾರಾದರೂ ಬಂದರೆ ಹೇಗೆ ಎಂದು ಭಯ, ಬರದಿದ್ದರೆ ಹೇಗೆ ಎಂದೂ ಭಯ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಉಸಿರು ಹಿಡಿದು ಕೂರುತ್ತೇನೆ. ಆ ಸದ್ದು ಮೇಲಿನ ಮಹಡಿಗೆ ದಾಟಿ ಹೋದರೆ ಒಂದು ಸಲ ಸಮಾಧಾನ, ಮರುಕ್ಷಣ ಅವಮಾನ.

ನೀನು ಇಪ್ಪತ್ತೆರಡರ ಪ್ರಾಯದಲ್ಲಿ ಆ ಬೆಟ್ಟ ಹತ್ತಿದೆ. ಗಾಳಿ ಮನೆಯ ಚಾವಣಿ ಕಿತ್ತ ಕಥೆಯನ್ನು ನಗುತ್ತಾ ಹೇಳಿದವಳು ನೀನು. ಭಯ ಹೋಗಲು ಏನು ಮಾಡಿದೆ? ಒಂದು ಉಪಾಯ ಹೇಳು. ಇದು ನಿನ್ನಲ್ಲೇ ಇರಲಿ.

ಜಿಪಾರ್


ಕಾರಾ-ಜಿಲ್ಗಾ
16 ಮೇ 2014

ಜಿಪಾರ್ ಪುಟ್ಟಿ,

ನೀನು ಹಿಂದಿನ ಬಾಗಿಲಿನಿಂದ ಓಡಿದ್ದನ್ನು ಓದಿ ನಗಬಾರದೆಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ನಾಯಿ ಗಾಬರಿಯಾಗಿ ನನ್ನ ಮುಖ ನೋಡಿತು. ಕೋಟು ಬಿಟ್ಟು ಓಡಿದೆಯಲ್ಲ, ಆ ಚಳಿಯಲ್ಲಿ!

ಉಪಾಯ ನನ್ನಲ್ಲಿಲ್ಲ. ಇದ್ದಿದ್ದರೆ ಕಳಿಸುತ್ತಿದ್ದೆ. ಆದರೆ ನೀನು ಬರೆದದ್ದರಲ್ಲಿ ಒಂದು ಕಡೆ ನನ್ನ ಮನಸ್ಸು ಸಿಕ್ಕಿಕೊಂಡಿದೆ. ನೀನು ಎದ್ದು ನಿಂತೆ, ಆಮೇಲೆ ನಾಲಿಗೆ ಅಂಟಿತು. ಆ ಎರಡರ ನಡುವೆ ಏನಾಯಿತು? ಯಾರ ಮುಖ ಕಂಡಿತು? ಮತ್ತೆ ಆ ಮೂರು ಸಾಲು ಜನ ಯಾರು? ಕೆಲಸದ ದಿನ, ಹಗಲು ಹೊತ್ತಿನಲ್ಲಿ, ಹೆಸರೇ ಕೇಳದ ಒಬ್ಬ ಹೆಂಗಸಿನ ಮಾತು ಕೇಳಲು ಅಷ್ಟು ಜನ ಬಂದರೆಂದರೆ ಅವರಿಗೆ ಏನೋ ಬೇಕಾಗಿತ್ತು. ಏನು ಬೇಕಾಗಿತ್ತು? ನೀನು ನಿನ್ನ ಎದೆಬಡಿತದ ಬಗ್ಗೆ ಎಷ್ಟೊಂದು ಬರೆದಿದ್ದೀಯಾ, ಅವರ ಬಗ್ಗೆ ಒಂದಕ್ಷರವಿಲ್ಲ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ನನಗೆ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಇಲ್ಲಿ ಕೂತವಳಿಗೆ ಮೂರು ಸಾಲು ಜನ ಎಂದರೆ ಜಾತ್ರೆಯಷ್ಟು ದೊಡ್ಡದು.

ಇಲ್ಲಿ ನೀರು ಹರಿಯಲು ಶುರುವಾಗಿದೆ. ಒಣದ್ರಾಕ್ಷಿಯನ್ನು ಕೊನೆಗೂ ನಾನೇ ಮುಗಿಸಿದೆ. ಶರತ್ಕಾಲದ ಹೊತ್ತಿಗೆ ಬಹುಶಃ ಇಷ್ಟುದ್ದ ಕಾಗದ ಬರೆಯುವ ಅಗತ್ಯವೇ ಇರುವುದಿಲ್ಲ.

ಕೋಟು ತಂದುಕೋ.

ಬುರುಲ್


ಬಿಷ್ಕೆಕ್
24 ಜೂನ್ 2014

ಬುರುಲ್ ಎಜೆ,

ಮೊದಲು ಖುಷಿಯ ಮಾತು. ಶರತ್ಕಾಲಕ್ಕೆ ಕಾಗದ ಬೇಕಾಗುವುದಿಲ್ಲ ಎಂದರೆ ನಿಮ್ಮ ಬೆಟ್ಟಕ್ಕೆ ಫೋನ್ ಬರುತ್ತಿದೆ ಎಂದಾಯಿತು! ಆ ಕಂಬ ಅದಕ್ಕೇ ತಾನೇ? ಎಷ್ಟು ವರ್ಷ ಆದಮೇಲೆ ನಿನ್ನ ದನಿ ಬೇಕೆಂದಾಗ ಕೇಳಬಹುದು.

ಈಗ ನಿನ್ನ ಪ್ರಶ್ನೆಗೆ. ಹೌದು, ಒಂದು ಮುಖ ಕಂಡಿತ್ತು. ಎರಡನೇ ಸಾಲಿನಲ್ಲಿ ಬೂದು ಸ್ವೆಟರಿನ ಒಬ್ಬ ಹೆಂಗಸು. ನಾನು ಎದ್ದ ಕೂಡಲೇ ಕೈಚೀಲದಿಂದ ಪೆನ್ನು ತೆಗೆದು, ಕಾಗದ ತೊಡೆಯ ಮೇಲಿಟ್ಟುಕೊಂಡು, ನನ್ನ ಬಾಯನ್ನೇ ನೋಡುತ್ತಾ ಕೂತಳು. ನನ್ನ ಬಾಯಿಂದ ಬರೆದುಕೊಳ್ಳುವಂಥದ್ದು ಏನು ಬರುತ್ತದೆ ಅನ್ನಿಸಿತು. ಅಷ್ಟೇ, ಎಲ್ಲ ಬಿಗಿಯಿತು. ಅವಳಿಗೇನು ಬೇಕಾಗಿತ್ತು ಎಂದು ನೀನು ಬರೆಯುವವರೆಗೂ ನನಗೆ ಹೊಳೆದಿರಲಿಲ್ಲ. ಕೋಟು ತರಲು ಹೋದಾಗ ಗ್ರಂಥಾಲಯದವಳನ್ನು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಈಗ ಬಸ್ಸಿನಲ್ಲಿ ಬೂದು ಸ್ವೆಟರ್ ಕಂಡರೆ ತಿರುಗಿ ನೋಡುತ್ತೇನೆ.

ಇನ್ನು ಮುಖ್ಯ ಸಂಗತಿ. ಕುಳಿತು ಓದು.

ಕೆಳಗಿನ ಔಷಧಿ ಅಂಗಡಿಯ ನೆಲ್ಯಾಗೆ ನನ್ನ ಕೆಲಸ ಏನೆಂದು ವಿವರಿಸಿದ್ದೆ. ಅವಳು ಗಿರಾಕಿಗಳಿಗೆಲ್ಲ, “ಮೇಲೆ ಒಬ್ಬಳು ಕೂತಿದಾಳೆ, ಜನರ ಬದುಕು ನೋಡ್ತಾಳಂತೆ” ಎಂದು ಹೇಳಿದ್ದಾಳೆ. ನಮ್ಮ ಊರಿನಲ್ಲಿ ಅದರ ಅರ್ಥ ಒಂದೇ ತಾನೇ, ಮೇಜಿನ ಮೇಲೆ ಕಾಳು ಹಾಕಿ ಭವಿಷ್ಯ ಹೇಳುವವಳು ಎಂದು? ಜೂನ್ ಶುರುವಿನಲ್ಲಿ ದಪ್ಪನೆಯ ಹೆಂಗಸೊಬ್ಬಳು ಬಾಗಿಲು ತಟ್ಟದೆ ಒಳಗೆ ಬಂದು, ಮೇಜಿನ ಮೇಲೆ ಕರವಸ್ತ್ರ ಹಾಸಿ ಕೂತಳು.

“ಹೂಂ, ಕಾಳು ಹಾಕು.”

“ನಾನು ಕಾಳು ಹಾಕಲ್ಲ ಎಜೆ.”

“ಇಸ್ಪೀಟಾ?”

“ಅದೂ ಇಲ್ಲ.”

“ಕೈ ನೋಡ್ತೀಯಾ?”

“ಇಲ್ಲ, ನಾನು ಪ್ರಶ್ನೆ ಕೇಳ್ತೀನಿ.”

“ಅಯ್ಯೋ ನಿನ್ನ! ಪ್ರಶ್ನೆ ಕೇಳೋಕೆ ಅಂತ ಬಂದಿರೋಳು ನಾನು ಕಣೇ!” ಎಂದು ಕರವಸ್ತ್ರ ಮಡಚಿಕೊಂಡು ಹೋದಳು. ಮೆಟ್ಟಿಲಿಳಿಯುತ್ತಾ ನೆಲ್ಯಾಳನ್ನು ಬೈದದ್ದು ಮೇಲಕ್ಕೆ ಕೇಳಿಸಿತು. ಆಮೇಲೆ, ಅವಳು ಕಾಳನ್ನು ಏನು ಕೇಳಬೇಕೆಂದು ಬಂದಿದ್ದಳೋ ಎಂದು ಯೋಚಿಸುತ್ತಾ ಕೂತೆ. ಕೇಳಬಹುದಾಗಿತ್ತು, ಕೇಳಲಿಲ್ಲ.

ಮರುವಾರ ಮತ್ತೆ ಬಾಗಿಲು ತಟ್ಟಿದ ಸದ್ದು. ಊಟದ ಡಬ್ಬಿ ಬಿಚ್ಚಿದ್ದೆ. ಹಾಗೇ ಎದ್ದು ಬಾಗಿಲು ತೆಗೆದೆ.

ಎದುರಿಗೆ ಕಾಲಿಚಾ ಅಪಾ. ನನ್ನ ಅತ್ತೆ! ಬಿಳಿ ತಲೆವಸ್ತ್ರ, ಹಬ್ಬಕ್ಕೆ ಹಾಕುವ ಮಖಮಲ್ಲಿನ ಜಾಕೀಟು, ಕೈಯಲ್ಲಿ ಕಾಳು ಹಾಕುವವರಿಗೆ ಕೊಡಲೆಂದು ಚಹಾದ ಪೊಟ್ಟಣ. ಅವರ ಕಣ್ಣು ನನ್ನ ಹೆಗಲ ಮೇಲಿಂದ ಮೇಜಿನ ಕಡೆ ಹೋಯಿತು.

“ಆ ಡಬ್ಬಿ ನಮ್ಮನೇದು” ಎಂದರು.

“ಹೌದು ಅಪಾ.”

“ಕಾಳು ಹಾಕೋಳು ಎಲ್ಲಿ?”

“ಕಾಳು ಹಾಕೋರು ಇಲ್ಲಿ ಯಾರೂ ಇಲ್ಲ ಅಪಾ. ನಾನೇ ಇರೋದು.”

ಗ್ರಂಥಾಲಯದ ನಡುಕ ಈ ನಡುಕದ ಮುಂದೆ ಏನೂ ಅಲ್ಲ, ಎಜೆ. ಇಲ್ಲಿ ಹಿಂದಿನ ಬಾಗಿಲೂ ಇರಲಿಲ್ಲ. ಅವರು ಕೋಣೆಯನ್ನು ಸುತ್ತ ನೋಡಿದರು. ಆಮೇಲೆ ಹಸಿರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಚಹಾದ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ಮಂಡಿ ನೋವಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಿದೀನಿ. ಕೇಳೋದು ಕೇಳಿಯೇ ಹೋಗ್ತೀನಿ. ಕೂತ್ಕೋಮ್ಮಾ” ಎಂದರು. ಯಾರೋ ಗುರುತಿಲ್ಲದವಳಿಗೆ ಹೇಳುವ ದನಿಯಲ್ಲಿ.

ಕೂತೆ.

“ನಮ್ಮನೇಲಿ ಒಬ್ಬಳು ಸೊಸೆ ಇದಾಳೆ. ಮೊದಲೆಲ್ಲ ಸಂಜೆ ಬಂದ ಕೂಡಲೇ ಆಫೀಸಿನೋರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈತಿದ್ಲು. ನಂಗೂ ಕೇಳೋಕೆ ಚೆನ್ನಾಗಿರೋದು, ಅವರೆಲ್ಲರ ಹೆಸರೂ ಗೊತ್ತಿತ್ತು. ಈ ಚಳಿಗಾಲ ಕಳೆದಮೇಲೆ ಒಬ್ಬರನ್ನೂ ಬೈದಿಲ್ಲ. ಬರ್ತಾಳೆ, ನಗ್ತಾಳೆ, ಪಾತ್ರೆ ತೊಳೀತಾಳೆ. ಅವಳಿಗೆ ಏನಾದ್ರೂ ಕಾಯಿಲೆ ಇದ್ಯಾ, ಇಲ್ಲಾ ನಮ್ಮನ್ನ ಬಿಟ್ಟು ಹೋಗೋ ಯೋಚನೆನಾ? ಇದನ್ನ ಕೇಳೋಣ ಅಂತ ಬಂದೆ.”

ನಾನು ಅಲ್ಮಾಟಿಯಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಒಂದೇ: “ಅವಳು ಹೋಗಿಬಿಟ್ರೆ ನಿಮಗೇನು ತೊಂದರೆ ಅಪಾ?”

ಕೇಳಿದ ಮೇಲೆ ಹೆದರಿದೆ. ಆದರೆ ನಿಜವಾಗಲೂ ಗೊತ್ತುಮಾಡಿಕೊಳ್ಳಬೇಕು ಅನ್ನಿಸಿತ್ತು. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೇವೆ, ನಾನು ಅವರಿಗೆ ಯಾರು ಎಂದು ನನಗೆ ತಿಳಿದಿರಲಿಲ್ಲ.

ಅವರು ಚಹಾದ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. “ತೊಂದರೆನಾ? ಅಡಿಗೆ ನಾನೇ ಮಾಡ್ಕೋತೀನಿ. ಮಗ ಅರ್ಧ ವರ್ಷ ರಸ್ತೆ ಮೇಲೆ. ಚಹಾ ಯಾರ ಜೊತೆ ಕುಡೀಲಿ? ಅವಳ ಜೊತೆ ಆದ್ರೆ ಮಾತಾಡದೇನೂ ಕುಡೀಬಹುದು.”

“ಅವಳು ಎಲ್ಲೂ ಹೋಗಲ್ಲ ಅಂತ ಗೊತ್ತಾದ್ರೆ?”

ಅದಕ್ಕೆ ಏನಂದರು ಗೊತ್ತಾ? “ಗೊತ್ತಾದ್ರೆ ಅವಳನ್ನ ಕರ್ಕೊಂಡು ಇಸಿಕ್-ಕುಲ್‌ಗೆ ಹೋಗ್ತಿದ್ದೆ. ನಾನು ಸರೋವರದ ದಡದಲ್ಲೇ ಹುಟ್ಟಿ ಬೆಳೆದೋಳು. ಇವತ್ತಿನವರೆಗೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದಿಲ್ಲ. ಹುಡುಗಿಯಾಗಿದ್ದಾಗ ಕುರಿ ಕಾಯಬೇಕಿತ್ತು, ಆಮೇಲೆ ನಾಚಿಕೆ, ಈಗ ಮಂಡಿನೋವು. ಈಜಬೇಕು ಅಂತ ಆಸೆ.”

ಅರವತ್ತೆಂಟರ ಕಾಲಿಚಾ ಅಪಾ, ಎಜೆ! ನಾನು ಮುಂದಕ್ಕೆ ಬಾಗಿ ಕೇಳುತ್ತಾ ಹೋದೆ. ಯಾವ ದಡ? ಯಾರ ಎದುರಿಗೆ ನಾಚಿಕೆ? ಯಾರೂ ಇಲ್ಲದ ಜಾಗ ಸಿಕ್ಕರೆ? ಮುಖದ ಮೇಲೆ ನೀರು ಬಿದ್ದರೆ ಭಯವಾ, ಕಾಲಿಗೆ ನೆಲ ಸಿಗದಿದ್ದರೆ ಭಯವಾ? ಅವರು ಹೇಳುತ್ತಾ ಹೋದರು. ಎಷ್ಟೋ ಹೊತ್ತಿನ ಮೇಲೆ ನನ್ನ ಕೈಗಳ ಕಡೆ ನೋಡಿಕೊಂಡೆ. ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು. ನಡುಕ ಯಾವಾಗ ನಿಂತಿತೋ ತಿಳಿಯಲಿಲ್ಲ, ಅದನ್ನು ಗಮನಿಸಲು ಪುರುಸೊತ್ತೇ ಆಗಿರಲಿಲ್ಲ.

ಎದ್ದು ಹೊರಟಾಗ ಗೋಡೆಗೆ ಒರಗಿದ್ದ ಹಲಗೆಯನ್ನು ನೋಡಿ, “ಇದ್ಯಾಕೆ ತಪ್ಪು ಮಾಡಿದ ಮಗು ಥರ ನಿಂತಿದೆ?” ಎಂದರು. ಹೊಸ್ತಿಲು ದಾಟಿ ಮತ್ತೆ ತಿರುಗಿದರು. “ನಮ್ಮ ಸೊಸೆಗೆ ಹೇಳಮ್ಮಾ, ನಾಳೆಯಿಂದ ಆ ಆಫೀಸಿನ ಅಂಗಿ ಬೇಡ. ಆ ಕಾಲರ್ ಅವಳಿಗೆ ಒಪ್ಪಲ್ಲ.”

ಅವತ್ತು ಸಂಜೆ ಮನೆಗೆ ಹೋದಾಗ ಇಬ್ಬರೂ ಚಹಾ ಕುಡಿದೆವು. ಅವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ಹಲಗೆಗೆ ಮೊಳೆ ಹೊಡೆದೆ. ಸೊಟ್ಟಗಿದೆ, ಇರಲಿ.

ಈಗ ನಿಜವಾಗಿಯೇ ಜನ ಬರುತ್ತಿದ್ದಾರೆ. ಯಾರು ಕಳಿಸಿದ್ದು ಎಂದುಕೊಂಡೆ? ಕಾಲಿಚಾ ಅಪಾ ಸಂತೆಯಲ್ಲಿ ಹೇಳಿದ್ದಾರಂತೆ, “ಅವಳು ಕಾಳು ಹಾಕಲ್ಲ, ಕೇಳ್ತಾಳೆ. ಸಿಟ್ಟು ಬರುತ್ತೆ. ಆದ್ರೂ ಹೋಗಿ ಬನ್ನಿ.”

ನಿನ್ನ
ಜಿಪಾರ್


ಕಾರಾ-ಜಿಲ್ಗಾ
15 ಜುಲೈ 2014

ಜಿಪಾರ್,

ಕಾಗದ ಓದಿ ಬಹಳ ಸಂತೋಷವಾಯಿತು. ಕಾಲಿಚಾ ಅಪಾ ಕೂತ ಕುರ್ಚಿ ಈಗ ಚೆನ್ನಾಗಿ ಕಾಣುತ್ತಿದೆ. ಅವರು ಈಜಿದರಾ?

ನಿನಗೆ ಇನ್ನು ಕೆಲಸ ಹೆಚ್ಚು, ಮನೆಯಲ್ಲೂ ಅವರ ಜೊತೆ ನಿನ್ನದೇ ಒಂದು ಹೊಂದಿಕೆ ಆಗಿದೆ. ಒಳ್ಳೆಯದೇ ಆಯಿತು. ನನಗಾಗಿ ಪುರುಸೊತ್ತು ಮಾಡಿಕೊಂಡು ಇಷ್ಟುದ್ದ ಬರೆಯಬೇಕಾಗಿಲ್ಲ. ಕೈ ಪಳಗಿಸಿಕೊಳ್ಳಲು ನನ್ನಂಥ ಗಿರಾಕಿ ಇನ್ನು ಬೇಕಾಗಲಾರದು.

ಇಲ್ಲಿ ಹವೆ ಚೆನ್ನಾಗಿದೆ.

ಬುರುಲ್


ಇಸಿಕ್-ಕುಲ್, ಬೊಸ್ತೇರಿ
9 ಆಗಸ್ಟ್ 2014

ಎಜೆ,

ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬೈದಿದ್ದೆ. ಎರಡನೆಯದರಲ್ಲಿ ಅತ್ತಿದ್ದೆ. ಮೂರನೆಯದರಲ್ಲಿ ನೀನು ಏನೇನು ಮಾಡಬೇಕೆಂದು ಬರೆದಿದ್ದೆ. ಜನರಿಗೆ ಬುದ್ಧಿ ಹೇಳುವುದಿಲ್ಲ ಎಂದು ಹಲಗೆ ಹಾಕಿಕೊಂಡವಳು ನಾನು.

ಹೊರಡುವ ಮುನ್ನ ಸಾತಾರ್ ಸಿಕ್ಕಿದ್ದ. ಬೆಟ್ಟಕ್ಕೆ ಫೋನ್ ಯಾವಾಗ ಬರುತ್ತದೆ ಎಂದು ಕೇಳಿದೆ. “ಯಾವ ಫೋನು? ಕೇಂದ್ರಾನೇ ಮುಚ್ತಾರಲ್ಲ ಎಜೆ. ಆ ಪೆಟ್ಟಿಗೇನೇ ಇನ್ನು ಗಾಳಿ, ಮಳೆ, ಎಲ್ಲ ಅಳೆದು ತಾನಾಗೇ ಕಳಿಸುತ್ತೆ. ಕಾದಿರ್ ಬಾಯ್ಕೆ, ಅವರ ಹೆಂಡ್ತಿ ಮೇ ತಿಂಗಳಲ್ಲೇ ಮಗಳ ಮನೆಗೆ ಇಳಿದ್ರು. ಬುರುಲ್ ಎಜೆ ಒಬ್ಬರೇ ಇದಾರೆ. ನಿಮಗೆ ಬರೆದಿಲ್ವಾ?” ಎಂದ.

ಬರೆದಿರಲಿಲ್ಲ. ಆದರೆ ಒಣದ್ರಾಕ್ಷಿ ನೀನೇ ಮುಗಿಸಿದ್ದು ಬರೆದಿದ್ದೆ, ನಾನು ಓದಲಿಲ್ಲ. ಶರತ್ಕಾಲ ಎಂದು ಬರೆದಿದ್ದೆ, ನಾನು ಫೋನ್ ಎಂದು ಕುಣಿದೆ. ನನ್ನ ಕೋಣೆಯ ಬಗ್ಗೆ ನೀನು ಒಂದೊಂದನ್ನೂ ಕೇಳಿದೆ. ನಾನು ನಿನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಕೈ ಪಳಗಲೆಂದು.

ನೀನು ಕೇಳಿದ್ದಕ್ಕೆ ಉತ್ತರ: ಕಾಲಿಚಾ ಅಪಾ ಇನ್ನೂ ಈಜಿಲ್ಲ. ಜನ ಏಳುವ ಮೊದಲು, ಬೆಳಕು ಹರಿಯುತ್ತಲೇ ಇಬ್ಬರೂ ದಡಕ್ಕೆ ಹೋಗುತ್ತೇವೆ. ಮೊದಲ ದಿನ ಉದ್ದಂಗಿಯಲ್ಲೇ ಇಳಿದರು, ಅಂಗಿ ಗುಡಾರದ ಹಾಗೆ ಉಬ್ಬಿ ಮೇಲೆ ಬಂತು. “ನೋಡ್ಬೇಡ ಕಣೇ!” ಎಂದು ಕಿರುಚಿದರು, ಆಮೇಲೆ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ಇವತ್ತು ನನ್ನ ತೋಳಿನ ಮೇಲೆ ಅಂಗಾತ ತೇಲಿದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. “ಕೈ ಬಿಡಲಾ ಅಪಾ?” ಎಂದೆ. “ಬಿಟ್ರೆ ಕೊಂದ್ಹಾಕ್ತೀನಿ” ಎಂದರು.

ನನ್ನ ನಡುಕ ಹೋಗಿಬಿಟ್ಟಿದೆ ಎಂದೂ ತಿಳಿಯಬೇಡ. ಪ್ರತಿ ಸಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಶುರುವಾಗುತ್ತದೆ. ಬಂದವರು ಬಾಯಿ ತೆರೆದು ಎರಡು ಮಾತಾಡುವಷ್ಟರಲ್ಲಿ ಅದು ಎಲ್ಲಿಗೋ ಹೋಗುತ್ತದೆ. ಮುಂದಿನವರು ಬರುವಾಗ ಮತ್ತೆ ಬರುತ್ತದೆ.

ಈಗ ನಿನ್ನನ್ನು ಕೇಳುತ್ತೇನೆ. ಕೋಚ್ ಆಗಿ ಅಲ್ಲ. ನನಗೆ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಬೆಟ್ಟ ಇಳಿಯುವುದು ಎಂದುಕೊಂಡ ಕೂಡಲೇ ನಿನ್ನ ಕಣ್ಣ ಮುಂದೆ ಏನು ಬರುತ್ತದೆ?

ಜಿಪಾರ್


ಕಾರಾ-ಜಿಲ್ಗಾ
2 ಸೆಪ್ಟೆಂಬರ್ 2014

ಜಿಪಾರ್ ಪುಟ್ಟಿ,

ನಿನ್ನ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಬಹಳ ತಿರುಗಾಡಿದೆ. ನಾಯಿಗೂ ಬೇಜಾರು ಬಂತು.

ಏನು ಬರುತ್ತದೆ ಎಂದರೆ, ಒಂದು ಅಂಗಡಿ. ದೊಡ್ಡದೇನಲ್ಲ. ನಾನು ಬ್ರೆಡ್ ಕೊಳ್ಳಲು ನಿಂತಿದ್ದೇನೆ. ಹಿಂದೆ ಜನ ಸಾಲಾಗಿ ನಿಂತಿದ್ದಾರೆ. ಅಂಗಡಿಯವಳು, “ಏನಮ್ಮಾ ಬೇಕು, ಬೇಗ ಹೇಳು” ಎನ್ನುತ್ತಾಳೆ. ನನಗೆ ಬಾಯೇ ಬರುವುದಿಲ್ಲ. ಇಷ್ಟೇ. ಚಾವಣಿ ಹಾರಿಹೋದ ದಿನ ನನಗೆ ಹೀಗಾಗಿರಲಿಲ್ಲ. ಗಾಳಿ ನನ್ನನ್ನು ಬೇಗ ಹೇಳು ಎನ್ನಲಿಲ್ಲವಲ್ಲ.

ಇನ್ನೊಂದಿದೆ. ಇಲ್ಲಿ ನಾನು ರೇಡಿಯೋದಲ್ಲಿ ಗಾಳಿಯ ಲೆಕ್ಕ ಹೇಳುವಾಗ ಆ ಕಡೆ ಯಾರೋ ಒಬ್ಬರು ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿರುತ್ತಾರೆ. ಅವರ ಮುಖ ನಾನು ನೋಡಿಲ್ಲ. ಆದರೂ ಕಾಯುತ್ತಾರೆ ಎಂದು ಗೊತ್ತು. ಕೆಳಗೆ ನನ್ನ ಮಾತಿಗೆ ಕಾಯುವವರು ಯಾರು? ಪೆನ್ನು ಹಿಡಿದವಳನ್ನು ಕಂಡು ನೀನು ಓಡಿದೆ. ನನಗೆ ಪೆನ್ನು ಹಿಡಿದವರು ಇರುವುದಿಲ್ಲವಲ್ಲ ಎಂದು ಭಯ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಹೌದೇ ಎಂದು ಯೋಚಿಸಿದೆ.

ಬರೆಯದೇ ಇದ್ದುದೇಕೆಂದರೆ, ಮಾರ್ಚಿನಲ್ಲಿ ನೀನು ಚೆನ್ನಾಗಿ ನಡೆಯುತ್ತಿದೆ ಎಂದಿದ್ದೆ. ಗೆದ್ದ ತಂಗಿಗೆ ನನ್ನ ಗೋಳು ಯಾಕೆ ಎಂದುಕೊಂಡೆ. ಆಮೇಲೆ ನೀನು ನಡುಗುತ್ತಿದ್ದೀಯಾ ಎಂದು ತಿಳಿಯಿತು. ನಡುಗುವವಳ ಹೆಗಲ ಮೇಲೆ ಇದನ್ನೂ ಹೇರಬೇಕೇ ಎಂದುಕೊಂಡೆ. ಆಮೇಲೆ ನೀನು ಅತ್ತೆ ಸೊಸೆ ಚಹಾ ಕುಡಿಯುವ ಚಿತ್ರ ಬರೆದು ಕಳಿಸಿದೆ. ಅಲ್ಲಿ ಮೂರನೇ ಬಟ್ಟಲಿಗೆ ಜಾಗ ಕಾಣಲಿಲ್ಲ. ನಾರಿನ್ ಪಟ್ಟಣದಲ್ಲಿ ಒಂದು ಕೋಣೆ ಹಿಡಿದು, ಆಮೇಲೆ ತಿಳಿಸಿದರಾಯಿತು ಎಂದುಕೊಂಡಿದ್ದೆ.

ಈ ತಿಂಗಳ ಕೊನೆಯ ಶನಿವಾರ ಸಾತಾರ್ ನನ್ನನ್ನು ನಾರಿನ್‌ವರೆಗೆ ಇಳಿಸುತ್ತಾನೆ. ಅಲ್ಲಿಂದ ಬಿಷ್ಕೆಕ್ ವ್ಯಾನು ನಾನೇ ಹಿಡಿದು ಬರುತ್ತೇನೆ, ಮಿರ್ಲಾನ್‌ನನ್ನು ಕಳಿಸಬೇಡ. ನಾಯಿಯನ್ನು ಸಾತಾರ್ ಇಟ್ಟುಕೊಳ್ಳುತ್ತಾನಂತೆ, ಅವರಿಬ್ಬರಿಗೂ ಚೆನ್ನಾಗಿ ಆಗುತ್ತದೆ. ಕೆಲವು ವಾರ ನಿಮ್ಮ ಮನೆಯಲ್ಲಿರುತ್ತೇನೆ. ಆಮೇಲಿನದು ನನಗೂ ಗೊತ್ತಿಲ್ಲ.

ಆದರೆ ಮನೆಯಲ್ಲಿ ನನ್ನನ್ನು ಏನೂ ಕೇಳಬೇಡ. ನಿನ್ನ ಕೋಣೆಯಲ್ಲಿ ಒಂದು ಗಂಟೆ ಬೇಕು. ಅಕ್ಕ ಎಂದಲ್ಲ. ಭಾನುವಾರ ಮಧ್ಯಾಹ್ನ ಇದ್ದರೆ ಬರೆದುಕೋ. ಹಸಿರು ಕುರ್ಚಿ.

ಬುರುಲ್


ಬಿಷ್ಕೆಕ್
14 ಸೆಪ್ಟೆಂಬರ್ 2014

ಎಜೆ,

ಭಾನುವಾರ ಮಧ್ಯಾಹ್ನ ನಿನ್ನದೇ. ಬರೆದುಕೊಂಡೆ. ಬೇರೆ ಯಾರ ಹೆಸರು ಬರೆದಾಗಲೂ ಈಗ ಇಷ್ಟಾಗುವುದಿಲ್ಲ, ನಿನ್ನ ಹೆಸರು ಬರೆಯುವಾಗ ಕೈ ಎಷ್ಟು ನಡುಗಿತೆಂದರೆ ಅಕ್ಷರ ಓದಲಾಗುತ್ತಿಲ್ಲ. ನಡುಗಲಿ.

ನಮ್ಮ ಮನೆಯಲ್ಲಿ ಮೂರನೇ ಬಟ್ಟಲಿನ ವಿಷಯ ಕಾಲಿಚಾ ಅಪಾಗೆ ಓದಿ ಹೇಳಿದೆ. “ಬಟ್ಟಲು ಹನ್ನೆರಡಿವೆ. ಅವಳಿಗೆ ಕಣ್ಣು ಕಾಣಲ್ವಾ?” ಎಂದರು. ಆಮೇಲೆ, “ಅವಳು ಅಷ್ಟು ವರ್ಷ ಬೆಟ್ಟದ ಮೇಲೆ ಕೂತು ಏನು ಯೋಚನೆ ಮಾಡ್ತಿದ್ಲಂತೆ, ಕೇಳಬೇಕು” ಎಂದರು. ಮನೆಯಲ್ಲಿ ಕೇಳಬೇಡ ಎಂದಿದ್ದೀಯಾ ಎಂದು ಹೇಳಿದೆ. “ಅದು ನಿನಗೆ ಹೇಳಿದ್ದು, ನಂಗಲ್ಲ” ಎಂದರು. ಸಿದ್ಧವಾಗಿ ಬಾ.

ಶನಿವಾರ ಸಂಜೆ ವ್ಯಾನ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.

ಜಿಪಾರ್


ನಾರಿನ್, ಬಸ್ ನಿಲ್ದಾಣ
27 ಸೆಪ್ಟೆಂಬರ್ 2014

ಜಿಪಾರ್,

ಈ ಕಾಗದವನ್ನು ವ್ಯಾನಿನವನ ಕೈಯಲ್ಲಿ ಕೊಡುತ್ತಿದ್ದೇನೆ. ನಾನು ಇಳಿಯಬೇಕಾದ ವ್ಯಾನಿನಿಂದ ಇದು ಇಳಿಯುತ್ತದೆ. ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ.

ಬೆಳಿಗ್ಗೆ ಸಾತಾರ್ ನನ್ನನ್ನು ಬಿಟ್ಟು ಹೋದ. ಡ್ರೈವರುಗಳು “ಬಿಷ್ಕೆಕ್, ಬಿಷ್ಕೆಕ್, ಒಂದೇ ಸೀಟು!” ಎಂದು ಕೂಗುತ್ತಾ ನನ್ನ ಮುಖದ ಹತ್ತಿರವೇ ಬಂದರು. ನನಗೆ ಬಾಯಿ ಬರಲಿಲ್ಲ. ಬೆಂಚಿನ ಮೇಲೆ ಕೂತೆ. ಒಂದು ವ್ಯಾನು ತುಂಬಿ ಹೋಯಿತು. ಎದ್ದು ಹೋಗಿ ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ, ಏಳಲಿಲ್ಲ. ಮತ್ತೆ ಬೆಟ್ಟಕ್ಕೆ ಹೋಗುವ ಲಾರಿ ಯಾವುದಾದರೂ ಇದೆಯಾ ಎಂದು ನೋಡಿದೆ. ಸುಳ್ಳು ಹೇಳುವುದಿಲ್ಲ.

ಆಗ ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತಳು. ಅವಳ ಜೊತೆ ಒಂದು ಬಾಗಿಲು. ನಿಜವಾದ ಬಾಗಿಲು ಕಣೇ, ನೀಲಿ ಬಣ್ಣದ್ದು, ಮನೆಯಿಂದ ಕಿತ್ತು ತಂದದ್ದು. ಗೋಡೆಗೆ ಒರಗಿಸಿ, ಬೀಳದ ಹಾಗೆ ಒಂದು ಕೈ ಇಟ್ಟುಕೊಂಡು ಕೂತಿದ್ದಳು. ಯಾವ ವ್ಯಾನಿನವನೂ ಹತ್ತಿಸಿಕೊಳ್ಳುತ್ತಿಲ್ಲ. ನಾನು ನೋಡಿದೆ. ಬಾಗಿಲಿನ ಹೊರಮುಖದಲ್ಲಿ ಎರಡು ಬೀಗದ ಕೊಂಡಿ. ಒಳಮುಖದಲ್ಲಿ ಚಿಲಕವೇ ಇಲ್ಲ, ಇದ್ದ ಗುರುತೂ ಇಲ್ಲ.

“ಅಜ್ಜೀ, ಈ ಬಾಗಿಲಿಗೆ ಒಳಗಡೆ ಚಿಲಕ ಯಾಕಿಲ್ಲ?” ಎಂದು ಕೇಳಿಬಿಟ್ಟೆ. ಬೆಟ್ಟ ಇಳಿದ ಮೇಲೆ ನಾನು ಆಡಿದ ಮೊದಲ ಮಾತು ಅದು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೆಳಿಗ್ಗೆಯಿಂದ ಎಲ್ಲರೂ ಇದನ್ನ ಎಲ್ಲಿಗೆ ಒಯ್ತೀಯಾ ಅಂತ ಕೇಳಿದ್ರು. ಚಿಲಕದ ವಿಷಯ ಯಾರೂ ಕೇಳಲಿಲ್ಲ” ಎಂದು, ಇತ್ತ ತಿರುಗಿ ಕೂತು, ತನ್ನ ಮದುವೆಯಿಂದ ಶುರುಮಾಡಿದಳು.

ಬಿಷ್ಕೆಕ್ ವ್ಯಾನಿನವನು ತಾನಾಗೇ ಬಂದು, “ಎಜೆ, ಹೊರಡ್ತಿದೀನಿ, ಹತ್ತುತ್ತೀರಾ?” ಎಂದು ಕೇಳಿದ. “ಸ್ವಲ್ಪ ತಡೀಪ್ಪಾ, ಈಗ ಆಗಲ್ಲ” ಎಂದೆ. ಅವನು ಕಾಯುವುದಿಲ್ಲವಂತೆ. ಕಾಗದ ಬರೆದು ಕೊಡುವವರೆಗೆ ಮಾತ್ರ ನಿಲ್ಲುತ್ತಾನಂತೆ, ಇಲ್ಲೇ ನನ್ನ ತಲೆಯ ಮೇಲೆ ನಿಂತಿದ್ದಾನೆ. ರಾತ್ರಿ ಈ ಅಜ್ಜಿಯ ತಂಗಿಯ ಮನೆಯಲ್ಲಿ ಉಳಿದುಕೊಳ್ಳುತ್ತೇನೆ. ನಾಳೆ ಅವಳು ಹೋಗಬೇಕಾದ ಕೊಚ್ಕೋರ್‌ವರೆಗೆ ಬಾಗಿಲು ಹತ್ತಿಸಿಕೊಳ್ಳುವ ಒಂದು ಲಾರಿಯನ್ನು ಇಬ್ಬರೂ ಸೇರಿ ಹುಡುಕುತ್ತೇವೆ. ಅಲ್ಲಿಂದ ನಿನ್ನ ಕಡೆಗೆ.

ನನ್ನ ಗಂಟೆಯನ್ನು ಸೋಮವಾರಕ್ಕೆ ಹಾಕು. ಕಾಲಿಚಾ ಅಪಾಗೆ ನಮಸ್ಕಾರ ಹೇಳು.

ಅಜ್ಜಿ ಚಹಾ ತಂದಳು. ನಿಲ್ಲಿಸುತ್ತೇನೆ. ಮೊದಲ ಮಗು ಹುಟ್ಟುವವರೆಗೆ ಬಂದಿದ್ದಾಳೆ, ಚಿಲಕದ ವಿಷಯ ಇನ್ನೂ ಬಂದಿಲ್ಲ.

ಬುರುಲ್